ನಿಧಾನದವರು ಮುಂದೆ

ಅವಳಿಗೆ ‘ಕುಕ್ಕರ್’ ಎಂದು ಹೆಸರಿಟ್ಟವರು ಕನ್ನಡಕದ ಅಂಗಡಿಯ ಯಜಮಾನರು. ಸಿಟ್ಟು ಸಿಡಿಯುವ ಮುಂಚೆ ಅವಳ ಮೂಗಿನಿಂದ ಸುಂಯ್ ಎಂದೊಂದು ಸದ್ದು ಬರುತ್ತಿತ್ತು. ಅದು ಕಿವಿಗೆ ಬಿದ್ದವರು ತೆಪ್ಪಗೆ ಜಾಗ ಖಾಲಿ ಮಾಡುತ್ತಿದ್ದರು. ಹೆಸರಿನ ವಿಷಯ ಗೊತ್ತಾದ ದಿನ ಅವಳು ಗಿರಾಕಿಗಳ ಎದುರಿಗೇ ಯಜಮಾನರ ನೀರಿಳಿಸಿದ್ದಳು. ಅದರಿಂದ ಹೆಸರು ಇನ್ನೂ ಗಟ್ಟಿಯಾಯಿತು, ಅಷ್ಟೆ.

ಅವಳ ಕೆಲಸ ಅಂಗಡಿಯ ಹಿಂದಿನ ಕೋಣೆಯಲ್ಲಿ. ಕಿಟಕಿಯಿಲ್ಲದ ಕೋಣೆ. ಗಿರಗಿರ ತಿರುಗುವ ಚಕ್ರ, ಅದರ ಮೇಲೆ ಸಣ್ಣಗೆ ಸುರಿಯುವ ನೀರು, ಬೆರಳ ತುದಿಯಲ್ಲಿ ಹಿಡಿದ ಗಾಜು. ಫ್ರೇಮಿಗೆ ಸರಿಯಾಗಿ ಕೂರುವ ತನಕ ಅಂಚು ಉಜ್ಜಬೇಕು. ಸಂಜೆಯ ಹೊತ್ತಿಗೆ ಉಗುರಿನ ಸಂದಿಯಲ್ಲೆಲ್ಲ ಬಿಳಿ ಕೆಸರು. ದಿನವಿಡೀ ಗೇಣುದ್ದದ ಆಚೆಗೆ ನೋಡುವಂತಿರಲಿಲ್ಲ. ಬೀದಿಗೆ ಬಂದರೆ ಎದುರಿನ ಬಸ್ಸಿನ ಬೋರ್ಡು ಕೂಡ ಸ್ವಲ್ಪ ಹೊತ್ತು ಮಂಜುಮಂಜು. ಅದಕ್ಕೇ ಅವಳಿಗೆ ಭಾನುವಾರ ಬಂತೆಂದರೆ ಎಲ್ಲಾದರೂ ದೂರ ಹೋಗಿ ದೂರ ನೋಡಬೇಕೆನ್ನುವ ಚಪಲ.

ಮನೆ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಗಂಡ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು, ಭಾನುವಾರವೂ ರಜೆಯಿಲ್ಲ. ಆರು ವರ್ಷದ ಮಗಳು. ಜೊತೆಗೆ ಮಾವ. ವಿಚಿತ್ರವೆಂದರೆ ಆತ ಬದುಕಿಡೀ ಲಿಫ್ಟ್ ರಿಪೇರಿ ಮಾಡಿದವರು. “ನಾನು ಮೇಲೆ ಕೆಳಗೆ ಓಡಾಡಿದ್ದೇ ಆಯ್ತು ಕಣಮ್ಮ, ಮುಂದಕ್ಕೆ ಹೋಗಿದ್ದು ಕಡಿಮೆ” ಎಂದು ತಮಾಷೆ ಮಾಡುತ್ತಿದ್ದರು. ಮಂಡಿಗಳು ಸವೆದುಹೋಗಿದ್ದವು. ಮಾವ ಸೊಸೆ ಇಬ್ಬರದೂ ಎಣ್ಣೆ ಸೀಗೆಕಾಯಿ. ರೇಡಿಯೋ ಜೋರಾಯಿತೆಂದು ಅವಳು, ನಲ್ಲಿ ಸರಿಯಾಗಿ ನಿಲ್ಲಿಸಲಿಲ್ಲವೆಂದು ಅವರು. ಮಧ್ಯೆ ಗಂಡ ಎನ್ನುವವನು ಹಿಟ್ಟು ಮೆತ್ತಿದ ಕೈಯನ್ನು ಇಬ್ಬರ ಕಡೆಗೂ ಮುಗಿದು ಮಲಗಲು ಹೋಗುತ್ತಿದ್ದ.

ನಗರದಲ್ಲೊಂದು ನಡಿಗೆ ಸಂಘವಿತ್ತು. ಶಾಲೆಯೊಂದರ ಡ್ರಿಲ್ ಮೇಷ್ಟ್ರು ಅದರ ಮುಖಂಡರು. ಕತ್ತಿನಲ್ಲಿ ಸದಾ ಸೀಟಿ. ಆ ಸಲ ಅವರು ಬೀದಿಬೀದಿಗೆ ಚೀಟಿ ಅಂಟಿಸಿದ್ದರು: ‘ಕಾಡಿನಿಂದ ತೋಟಕ್ಕೆ ನಡಿಗೆ. ಸಂಸಾರ ಸಮೇತ ಬನ್ನಿ. ಮಕ್ಕಳು, ಮುದುಕರು ಎಲ್ಲರಿಗೂ ಸಲೀಸು ದಾರಿ.’ ಬಸ್ಸು ಕಾಡಿನ ಅಂಚಿನಲ್ಲಿ ಇಳಿಸುತ್ತದೆ, ಹಳ್ಳದ ಪಕ್ಕ ನಡೆಯುವುದು, ಆಚೆ ಬದಿಯ ಹಳೇ ತೋಟದಲ್ಲಿ ಊಟ, ಅಲ್ಲಿಂದಲೇ ಬಸ್ಸು ವಾಪಸ್ಸು. ಮಗಳು ಕುಣಿದಾಡಿದಳು. ಮಾವನನ್ನು ಒಬ್ಬರೇ ಬಿಟ್ಟು ಹೋಗುವುದು ಹೇಗೆ ಎಂದು ಅವಳು ಯೋಚಿಸುತ್ತಿರುವಾಗ ಅವರು ಆಗಲೇ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು.

ನಡಿಗೆ ಶುರುವಾಗಿ ಸ್ವಲ್ಪ ಹೊತ್ತಿಗೇ ಅವಳಿಗೆ ಮೊದಲ ಸುಂಯ್ ಬಂತು. ಮೇಷ್ಟ್ರದ್ದು ಒಂಟೆಕಾಲು. ನಾಲ್ಕು ಹೆಜ್ಜೆ ಹಾಕಿದರೆ ಕಣ್ಮರೆ. ಮುಂದೆ ಎಲ್ಲೋ ಮರದ ನೆರಳಲ್ಲಿ ನಿಂತು, ಗಟ್ಟಿ ಕಾಲಿನವರ ಜೊತೆ ಹರಟುತ್ತ, ನೀರು ಕುಡಿಯುತ್ತ ಕಾಯುವುದು. ಮಾವ ಏದುಸಿರು ಬಿಡುತ್ತ ಅಲ್ಲಿ ತಲುಪಿ ಬೆನ್ನು ಒರಗಿಸಬೇಕು ಎನ್ನುವಷ್ಟರಲ್ಲಿ, “ಬಂದ್ರಲ್ಲ, ನಡೀರಿ” ಎಂದು ಪುರ್ರನೆ ಸೀಟಿ. ಯಾರಿಗೆ ದಣಿವಾಗಿರಲಿಲ್ಲವೋ ಅವರಿಗೆ ವಿಶ್ರಾಂತಿ. ಯಾರಿಗೆ ಆಗಿತ್ತೋ ಅವರಿಗೆ ಬರೀ ಸೀಟಿ.

ಇನ್ನೊಮ್ಮೆ ಹಾಗೆಯೇ ಆದಾಗ ಅವಳು ಕೇಳಿಯೇಬಿಟ್ಟಳು. “ಮೇಷ್ಟ್ರೇ, ನಾವು ಈಗ ತಾನೇ ಬಂದ್ವಿ. ಎರಡು ನಿಮಿಷ ಕೂತ್ಕೋಬಾರ್ದಾ?”

“ಕೂತ್ರೆ ಕಾಲು ಹಿಡ್ಕೊಳ್ಳುತ್ತೆ” ಎಂದರು ಮೇಷ್ಟ್ರು ನಗುತ್ತ. “ನಡೀತಾ ಇದ್ರೇನೇ ಒಳ್ಳೇದು.”

“ಹಾಗಾದ್ರೆ ನೀವ್ಯಾಕೆ ಕೂತಿದ್ರಿ?”

ಯಾರೋ ಕಿಸಕ್ಕೆಂದರು. ಮೇಷ್ಟ್ರು ಸೀಟಿ ಊದಿದರು.

ಹಳ್ಳಕ್ಕೆ ಹಾಕಿದ ಮರದ ಸೇತುವೆ ದಾಟಿದ ಮೇಲೆ ಮಾವನ ಬೂಟಿನ ಅಟ್ಟೆ ಬಾಯಿ ಬಿಟ್ಟಿತು. ಅವರು ಕಲ್ಲಿನ ಮೇಲೆ ಕೂತು ಲೇಸು ಬಿಚ್ಚಿ ಅಟ್ಟೆಗೆ ಸುತ್ತತೊಡಗಿದರು. ಅದೇ ಹೊತ್ತಿಗೆ ಮಗಳಿಗೆ ಒಂದಕ್ಕೆ ಅವಸರ. ದಾರಿಯಲ್ಲೆಲ್ಲೂ ಹೆಂಗಸರಿಗೊಂದು ಮರೆ ಮಾಡಿರಲಿಲ್ಲ; ಮುಂದೆ ದೊಡ್ಡ ಬಂಡೆಯ ಹಿಂದೆ ಹೋಗಬೇಕು. ಕೊನೆಯಲ್ಲಿ ಬರಬೇಕೆಂದು ಮೇಷ್ಟ್ರು ನೇಮಿಸಿದ್ದ ಔಷಧದಂಗಡಿಯವರು ಅಲ್ಲೇ ನಿಂತಿದ್ದರು. “ಸ್ವಲ್ಪ ಇವರ ಜೊತೆ ಇರ್ತೀರಾ?” ಎಂದಳು. “ಅಯ್ಯೋ, ಅದಕ್ಕೇನಂತೆ, ನಾನಿರೋದೇ ಅದಕ್ಕೆ” ಎಂದರು ಅವರು. ಬಂಡೆಯ ಹಿಂದಿನಿಂದ ಹೊರಬರುವಷ್ಟರಲ್ಲಿ ಮಗಳು ಯಾವುದೋ ಹಕ್ಕಿಯ ಹಿಂದೆ ಓಡಿ ಗುಂಪನ್ನು ಸೇರಿಕೊಂಡಿದ್ದಳು. ಅವಳೂ ಹಿಂದೆಯೇ ಓಡಿದಳು. ಮಾವನ ಜೊತೆ ಜನ ಇದ್ದಾರಲ್ಲ ಎಂದು ಮೊದಲ ಸಲ ಹಗುರಾಗಿ ಉಸಿರು ಬಿಟ್ಟು ಮರಗಳ ತುದಿ ನೋಡುತ್ತ ನಡೆದಳು.

ತೋಟ ಚೆನ್ನಾಗಿತ್ತು. ಕೊಳ, ಕಲ್ಲುಬೆಂಚು, ಕತ್ತರಿಸಿ ಸಾಲು ಮಾಡಿದ ಗಿಡ. ಜನ ಬುತ್ತಿ ಬಿಚ್ಚಿದ್ದರು. ಸ್ವಲ್ಪ ಹೊತ್ತಿಗೆ ನೋಡಿದರೆ ಅವರ ನಡುವೆ ಔಷಧದಂಗಡಿಯವರು ಕೂತು ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದರು.

ಅವಳು ನೇರ ಅವರ ಮುಂದೆ ಹೋಗಿ ನಿಂತಳು. “ಮಾವ ಎಲ್ಲಿ?”

“ಬರ್ತಾರೆ. ನೀವು ಹೋಗಿ, ನಾನು ನಿಧಾನಕ್ಕೆ ಬರ್ತೀನಿ ಅಂದ್ರು.”

“ಅಂದ್ರೆ ಬಿಟ್ಟು ಬಂದ್ಬಿಡೋದಾ?”

“ಅವರೇ ಅಲ್ವಾ ಅಂದಿದ್ದು.” ಮೊಟ್ಟೆಗೆ ಉಪ್ಪು ಹಚ್ಚಿದರು.

ಅವಳು ಮೇಷ್ಟ್ರ ಹತ್ತಿರ ಹೋದಳು. ಅವರು ಕೊಳದ ಮುಂದೆ ಫೋಟೋಗೆ ಜನರನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದರು. ಸಮಾಧಾನವಾಗಿ ಕೇಳಿಸಿಕೊಂಡು, “ದಾರಿ ಒಂದೇ ಅಲ್ವೇನಮ್ಮ, ಎಲ್ಲಿ ಹೋಗ್ತಾರೆ? ಊಟ ಮಾಡಿ, ಅಷ್ಟರಲ್ಲಿ ಬರ್ತಾರೆ” ಎಂದರು.

“ಸೇತುವೆ ಆದ್ಮೇಲೆ ದಾರಿ ಎರಡಾಗುತ್ತೆ. ನಾನೇ ನೋಡಿದ್ದೀನಿ. ಅಲ್ಲಿ ಬೋರ್ಡಿಲ್ಲ. ಒಂದಿಬ್ಬರನ್ನ ಕಳಿಸಿ.”

“ಬಸ್ಸಿನವರು ಕಾಯಲ್ಲ. ಒಬ್ಬರಿಗೋಸ್ಕರ ಇಷ್ಟು ಜನಕ್ಕೆ ತೊಂದರೆ ಯಾಕೆ ಹೇಳಿ. ಇಂಥ ಮಂಡಿ ಇಟ್ಕೊಂಡು ಅವರು ಬರಲೇಬಾರದಿತ್ತು.”

ಸುಂಯ್ ಎನ್ನುವ ಸದ್ದೇ ಬರಲಿಲ್ಲ. ನೇರ ಸಿಡಿತ. “ಮುದುಕರಿಗೂ ಸಲೀಸು ಅಂತ ಚೀಟಿ ಅಂಟಿಸ್ದೋರು ಯಾರು? ಕರೆಯೋವಾಗ ಎಲ್ಲರೂ ಬೇಕು, ಸಂಸಾರ ಬೇಕು. ಕಾಡಲ್ಲಿ ಬಿದ್ರೆ ಮಾತ್ರ ಅವರವರ ಮಂಡಿ ಅವರವರಿಗಾ? ನಿಮ್ಮ ಫೋಟೋಗೆ ಎಷ್ಟು ತಲೆ ಕಮ್ಮಿ ಅಂತಾದ್ರೂ ನೋಡಿದ್ರಾ?” ಫೋಟೋಗೆ ನಿಂತವರೆಲ್ಲ ನೆಲ ನೋಡತೊಡಗಿದರು. ಅವಳು ಕೈ ಚಾಚಿ ಮೇಷ್ಟ್ರ ಕತ್ತಿನ ಸೀಟಿಯನ್ನು ದಾರ ಸಮೇತ ತೆಗೆದುಕೊಂಡಳು. ಅವರು ಬೆಪ್ಪಾಗಿ ತಲೆ ಬಗ್ಗಿಸಿ ಕೊಟ್ಟೇಬಿಟ್ಟರು.

ಆಸ್ಪತ್ರೆಯಲ್ಲಿ ನರ್ಸಾಗಿದ್ದ ದಪ್ಪನೆಯ ಹೆಂಗಸೊಬ್ಬರು ಎದ್ದು ಬಂದು ಮಗಳ ಕೈ ಹಿಡಿದುಕೊಂಡರು. “ನೀನು ಹೋಗಮ್ಮ. ಬಸ್ಸಿನ ವಿಷಯ ನಾನು ನೋಡ್ಕೋತೀನಿ.”

ಬಂದ ದಾರಿಯಲ್ಲೇ ಅವಳು ಓಡಿದಳು. ಸೀಟಿ ಊದುವುದು, ನಿಂತು ಕಿವಿಗೊಡುವುದು, ಮತ್ತೆ ಊದುವುದು. ಕಾಡು ಇದ್ದಕ್ಕಿದ್ದಂತೆ ದೊಡ್ಡದಾಗಿತ್ತು. ಓಡುತ್ತಲೇ ಎಲ್ಲರನ್ನೂ ಬೈದಳು: ಮೇಷ್ಟ್ರನ್ನು, ಮೊಟ್ಟೆಯವರನ್ನು, ಬೂಟು ಹೊಲಿದವನನ್ನು, ಎಲ್ಲರಿಗೂ ‘ನೀವು ಹೋಗಿ’ ಎನ್ನುವ ಮಾವನ ಹಾಳು ಬಿಂಕವನ್ನು, ಮರದ ತುದಿ ನೋಡುತ್ತ ನಡೆದ ತನ್ನನ್ನು. ಬೈಯುತ್ತಿರುವಷ್ಟು ಹೊತ್ತು ಅಳು ಬರಲಿಲ್ಲ.

ದಾರಿ ಕವಲೊಡೆಯುವಲ್ಲಿ ಮಾವ ಕೂತಿದ್ದ ಕಲ್ಲು ಖಾಲಿಯಿತ್ತು. ಕೆಳಗಿಳಿಯುವ ದಾರಿಯ ಮಣ್ಣಿನಲ್ಲಿ ಎಳೆದು ಹಾಕಿದ ಕಾಲಿನ ಗುರುತು. ಅದನ್ನು ಹಿಡಿದು ಇಳಿದಳು. ಹಳ್ಳದ ದಂಡೆಯ ಮೇಲೆ ಮಾವ ಕೂತಿದ್ದರು. ಒಂದು ಬೂಟು ಕೈಯಲ್ಲಿ, ಮಂಡಿಯ ಹತ್ತಿರ ಬಟ್ಟೆ ಹರಿದು ರಕ್ತ ಒಣಗಿತ್ತು.

“ಯಾರದು ಸೀಟಿ ಊದ್ತಿರೋದು? ಕಿವಿ ತೂತಾಯ್ತು” ಎಂದರು.

“ಸೀಟಿ ಕೇಳಿದ್ಮೇಲೆ ಓ ಅನ್ನೋಕೆ ಏನಾಗಿತ್ತು ನಿಮಗೆ?”

“ಅಂದೆ. ಧ್ವನಿ ಬರ್ಲಿಲ್ಲ.” ಅವರು ಹಳ್ಳದ ಕಡೆ ತಿರುಗಿದರು. “ಮೊದಲು ತುಂಬಾ ಕೂಗ್ಬಿಟ್ಟೆ. ಆಮೇಲೆ ಗಂಟಲು ಕಟ್ಕೊಂಡ್ತು.”

ಅವಳು ಪಕ್ಕದಲ್ಲಿ ಕೂತಳು. ನೀರು ಕುಡಿಸಿದಳು, ಬಟ್ಟೆ ಒದ್ದೆ ಮಾಡಿ ಮಂಡಿ ಒರೆಸಿದಳು. ಒರಟಾಗಿಯೇ ಒರೆಸಿದಳು. ಅವರು ಹಲ್ಲು ಕಚ್ಚಿಕೊಂಡು ಸಹಿಸಿದರು. “ಅವನು, ಆ ಔಷಧದವನು, ಹೋಗ್ಲಾ ಅಂತ ಕೇಳ್ದ” ಎಂದರು ಕೊನೆಗೆ. “ಬೇಡ ಅನ್ನೋಕೆ ನಾಚಿಕೆ ಆಯ್ತು ಕಣಮ್ಮ.”

ತೋಟ ತಲುಪುವಾಗ ಬಿಸಿಲು ಇಳಿದಿತ್ತು. ಬಸ್ಸು ಹೋಗಿರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ನರ್ಸಮ್ಮ ಅಗಲವಾಗಿ ಕೂತಿದ್ದರು. ತೊಡೆಯ ಮೇಲೆ ಮಗಳು. ಡ್ರೈವರ್ ಬೇಡಿಕೊಂಡು ಸಾಕಾಗಿ ಬೀಡಿ ಸೇದುತ್ತಿದ್ದ. ಬಸ್ಸಿನ ಒಳಗೆ ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಮೇಷ್ಟ್ರು ಮಾತ್ರ, “ನೋಡಿ, ಬಂದೇ ಬಂದ್ರು. ಸುಮ್ನೆ ಗಾಬರಿ ಮಾಡ್ಕೊಂಡ್ರಿ” ಎಂದರು. ಅವಳು ಸೀಟಿಯನ್ನು ಅವರ ತೊಡೆಯ ಮೇಲೆ ಎಸೆದು ಹಿಂದಿನ ಸಾಲಿಗೆ ಹೋದಳು.

ಸಿಟ್ಟು ಮರುದಿನ ಇಳಿಯುತ್ತದೆ ಎಂದುಕೊಂಡಿದ್ದ ಗಂಡ. ಇಳಿಯಲಿಲ್ಲ. ವಾರವಿಡೀ ಚಕ್ರದ ಮುಂದೆ ಕೂತು ಗಾಜು ಉಜ್ಜುವಾಗಲೂ ‘ಬರಲೇಬಾರದಿತ್ತು’ ಎನ್ನುವ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು. ಸಂಘದ ಸಭೆಗೆ ಹೋಗಿ, ನಿಧಾನದವರನ್ನು ಮುಂದೆ ಬಿಡಿ, ಉಳಿದವರು ಅವರ ಹಿಂದೆ ಬರಲಿ ಎಂದು ಹೇಳಿದಳು. “ಹಾಗೆ ಮಾಡಿದ್ರೆ ಅದು ನಡಿಗೆ ಅಲ್ಲ, ಮೆರವಣಿಗೆ” ಎಂದು ಮೇಷ್ಟ್ರು ನಗಿಸಿದರು. ಎಲ್ಲರೂ ನಕ್ಕರು. ನರ್ಸಮ್ಮ ನಗಲಿಲ್ಲ. ಇಬ್ಬರೂ ಒಟ್ಟಿಗೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

ಹೀಗೆ ಅವರದೇ ನಡಿಗೆ ಶುರುವಾಯಿತು. ಅಂಗಡಿಯ ಗಾಜಿಗೆ ಚೀಟಿ ಅಂಟಿಸಲು ಯಜಮಾನರು ಮೊದಲು ಒಪ್ಪಲಿಲ್ಲ; ಸುಂಯ್ ಕೇಳಿಸಿದ ಮೇಲೆ ಒಪ್ಪಿದರು. ಅದರಲ್ಲಿ ಬರೆದಿದ್ದು ಇಷ್ಟೇ: ‘ನಿಧಾನದವರು ಮುಂದೆ. ಅವರು ಕೂತರೆ ಎಲ್ಲರೂ ಕೂರಬೇಕು.’ ಮೊದಲ ಸಲ ಬಂದವರು ಬೆರಳೆಣಿಕೆಯಷ್ಟು ಜನ: ಒಬ್ಬ ಬಸುರಿ, ಊರುಗೋಲಿನ ಟೈಲರ್, ಅವಳಿ ಮಕ್ಕಳನ್ನು ಹೊತ್ತ ಗಂಡ ಹೆಂಡತಿ. ಮಾವ ಹೊಸ ಬೂಟು ಹಾಕಿ ಎಲ್ಲರಿಗಿಂತ ಮುಂದೆ ನಿಂತರು.

ಆ ನಡಿಗೆ ಅವಳಿಗೆ ನರಕವಾಯಿತು. ಅವಳದು ಸ್ವಭಾವತಃ ಬಿರುಸು ಕಾಲು. ಮಾವನ ಬೆನ್ನನ್ನೇ ನೋಡುತ್ತ ಹೆಜ್ಜೆಗೊಂದು ಹೆಜ್ಜೆ ಇಡಬೇಕು. ಅವರೋ ಅಧಿಕಾರ ಸಿಕ್ಕವರಂತೆ ಬೇಕೆಂದಲ್ಲಿ ನಿಂತು ಗಿಡ ನೋಡುವುದು, ಟೈಲರಿಗೆ ಹಳೇ ಲಿಫ್ಟಿನ ಕಥೆ ಹೇಳುವುದು. “ಮಾವ, ಇವತ್ತೇ ತಲುಪೋಣ್ವಾ?” ಎಂದಳು ತಡೆಯಲಾರದೆ.

“ನಿಯಮ ಮಾಡ್ದೋಳು ನೀನೇ” ಎಂದರು ಅವರು ತಿರುಗಿಯೂ ನೋಡದೆ. ಹಿಂದಿನಿಂದ ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

ಜನ ಸೇರತೊಡಗಿದರು. ಮೇಷ್ಟ್ರ ಸಂಘದಿಂದಲೂ ಕೆಲವರು ಬಂದರು, ಔಷಧದಂಗಡಿಯವರೂ ಸೇರಿ. ಅವರು ಬಂದ ದಿನ ಮಾವನ ಮುಂದೆ ನಿಂತು, “ತಪ್ಪಾಯ್ತು” ಎಂದರು. ಮಾವ ಕೈ ಕುಲುಕಿ ಬಿಟ್ಟುಬಿಟ್ಟರು. ಅವಳು ಬಿಡಲಿಲ್ಲ. ನಡಿಗೆ ಮುಗಿಯುವ ತನಕ ಅವರ ಕಡೆ ನೋಡಲೂ ಇಲ್ಲ. “ಎಷ್ಟು ದಿನ ಅಂತ ಹಲ್ಲು ಕಡೀತೀಯಾ?” ಎಂದು ಗಂಡ ಕೇಳಿದರೆ, “ನನ್ನ ಹಲ್ಲು, ನಾನು ಕಡೀತೀನಿ” ಎಂದಳು.

ಮಾವ ಸೊಸೆಯ ಜಗಳ ಈಗಲೂ ಹಾಗೇ ಇದೆ. ರೇಡಿಯೋ ಜೋರು, ನಲ್ಲಿ ತೊಟ್ಟಿಕ್ಕುತ್ತದೆ. ಮೆಟ್ಟಿಲು ಹತ್ತುವಾಗ ಮಾತ್ರ ಅವಳು ಅವರನ್ನು ಮುಂದೆ ಬಿಟ್ಟು, ಚೀಲ ಹಿಡಿದು, ಗೊಣಗುತ್ತ, ಒಂದೊಂದೇ ಮೆಟ್ಟಿಲು ಹಿಂದೆ ಬರುತ್ತಾಳೆ.

ಕಳೆದ ಭಾನುವಾರ ಅವರು ನಗರದಂಚಿನ ಇನ್ನೊಂದು ತೋಟಕ್ಕೆ ಹೋಗಿದ್ದರು. ಶೌಚಾಲಯಕ್ಕೆ ಬೀಗ. ಭಾನುವಾರ ಕೀಲಿ ಇರುವವರು ಬರುವುದಿಲ್ಲವೆಂದ ಕಾವಲುಗಾರ. “ಜನ ಬರೋದೇ ಭಾನುವಾರ. ಬಸುರಿ ಹೆಂಗಸು ಎಲ್ಲಿ ಹೋಗ್ಬೇಕು, ನಿಮ್ಮ ಸಾಹೇಬರ ಮನೆಗಾ?” ಎಂದು ಅವಳು ಹಿಡಿದುಕೊಂಡಳು. ಕಾವಲುಗಾರ ಸಾಹೇಬರಿಗೆ ಫೋನ್ ಮಾಡಿದ. ಅವಳು ಫೋನ್ ಕಿತ್ತುಕೊಂಡು ಸಾಹೇಬರಿಗೂ ಅದನ್ನೇ ಹೇಳಿದಳು, ಇನ್ನೂ ಬಿಸಿಯಾಗಿ. ಕೀಲಿ ಸ್ಕೂಟರಿನಲ್ಲಿ ಬಂತು. ತಂದವನು ಬೀಗ ತೆಗೆಯುವಾಗ, “ಮುಂದಿನ ವಾರನೂ ಬರ್ತೀರಾ?” ಎಂದು ಭಯದಿಂದ ಕೇಳಿದ.

“ಪ್ರತಿ ವಾರ” ಎಂದಳು. ಬಸುರಿಯನ್ನು ಒಳಗೆ ಕಳಿಸಿ, ತಾನು ಬಾಗಿಲ ಪಕ್ಕ ಅವಳ ಚೀಲ ಹಿಡಿದು ನಿಂತಳು.