ಮಾನವ್ವನ ಬುಟ್ಟಿಗೆ ಬರುತ್ತಿದ್ದ ಸಾರು

ಗಜೇಂದ್ರಗಡದ ಮಾನವ್ವ ಹದಿನೆಂಟು ವರ್ಷದಿಂದ ಖಾನಾವಳಿಗೆ ರೊಟ್ಟಿ ಬಡಿದು ಕೊಡುವವಳು. ಬೆಳಿಗ್ಗೆ ಒಲೆ ಮುಂದೆ ಕೂತರೆ ಇನ್ನೂರು ರೊಟ್ಟಿ ಮುಗಿಯದೆ ಏಳುತ್ತಿರಲಿಲ್ಲ. ಆ ರೊಟ್ಟಿಯಲ್ಲೇ ಮಗ ರಾಜರತ್ನನನ್ನು ಓದಿಸಿದಳು, ಮದುವೆ ಮಾಡಿದಳು. ಈಗ ನಾಲ್ಕು ವರ್ಷದಿಂದ ಮೈಯೆಲ್ಲ ನೋವು. ಇವತ್ತು ಹೆಗಲು, ನಾಳೆ ಸೊಂಟ, ನಾಡಿದ್ದು ಮೊಣಕೈ. ರಕ್ತ ಪರೀಕ್ಷೆ ಮಾಡಿಸಿದರೆ ಏನೂ ಇಲ್ಲವೆಂದೇ ಬರುತ್ತಿತ್ತು. 'ಸೊಸಿ ಬಂದಾಳ, ಇನ್ನ ನೋವು ಬರೂದ' ಎಂದು ಓಣಿಯವರು ನಕ್ಕರು. ಇನ್ನೂರು ರೊಟ್ಟಿ ನೂರಿಪ್ಪತ್ತಾಯಿತು, ಆಮೇಲೆ ಎಂಬತ್ತಕ್ಕೆ ಇಳಿಯಿತು.

ಸೊಸೆ ಗೌತಮಿ ಹುಬ್ಬಳ್ಳಿಯಲ್ಲಿ ಓದಿದವಳು. ಅವಳ ಮಗಳಿಗೆ ಹನ್ನೊಂದು ತಿಂಗಳು. ಆ ಕೂಸನ್ನು ಅತ್ತೆ ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಹೆಣ್ಣು ಹುಟ್ಟಿತೆಂಬ ಸಿಟ್ಟೇನೋ ಎಂದು ಗೌತಮಿ ಒಳಗೊಳಗೇ ಕುದ್ದಿದ್ದಳು. ಒಂದು ಮಧ್ಯಾಹ್ನ ಮಾನವ್ವ ತೊಟ್ಟಿಲಿಗೆ ಎರಡೂ ಕೈ ಚಾಚಿ, ಅರ್ಧಕ್ಕೇ ತಡೆದು, ಸೆರಗಿನೊಳಗೆ ಎಳೆದುಕೊಂಡಿದ್ದನ್ನು ಕಂಡಳು.

'ಯಾಕ್ರಿ ಅತ್ತಿ?'

'ಕೈ ಒಮ್ಮಿಂದೊಮ್ಮೆ ಸೋತು ಬಿಡತಾವ. ಮೊನ್ನಿ ಹಿಟ್ಟಿನ ಡಬ್ಬಿ ಬಿತ್ತು. ಹಿಟ್ಟಾದ್ರ ಬಳಕೋಬಹುದು.'

ಅಂದಿನಿಂದ ಗೌತಮಿಗೆ ಅದೇ ಚಿಂತೆ ಹತ್ತಿತು. ಅತ್ತೆಯನ್ನು ನರಗುಂದದ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಗುಳಿಗೆ ಬರೆದುಕೊಟ್ಟ ಮೇಲೆ ಅವರು ಊಟದ ವಿಷಯ ಕೇಳಿದರು. 'ರುಚಿಗಂತ ಹಾಕೋ ಟೇಸ್ಟಿಂಗ್ ಪೌಡರಿನಿಂದ ಕೆಲವರಿಗೆ ಇಂಥ ನೋವು ಹೆಚ್ಚಾಗಬಹುದು ಅಂತಾರ. ಎಲ್ಲಾರಿಗೂ ಅಲ್ರಿ, ಗಟ್ಟಿ ಪುರಾವೆನೂ ಇನ್ನೂ ಇಲ್ಲ. ಒಂದು ತಿಂಗಳು ಪೂರಾ ಬಿಟ್ಟು ನೋಡ್ರಿ. ಗುಳಿಗಿ ಮಾತ್ರ ನಿಲ್ಲಸಬ್ಯಾಡ್ರಿ.'

ರೊಟ್ಟಿ ಬಡಿಯುವವಳಿಗೆ ತನಗೆಂದು ಪಲ್ಯ ಮಾಡಿಕೊಳ್ಳುವ ತ್ರಾಣ ಉಳಿಯುತ್ತಿರಲಿಲ್ಲ. ಹೀಗಾಗಿ ಸೊಸೆ ಬರುವ ಮೊದಲಿನಿಂದಲೂ ಮಾನವ್ವನ ಮಧ್ಯಾಹ್ನದ ಊಟವೆಂದರೆ ನೂಡಲ್ಸ್ ಪಾಕೀಟು. ಅದರ ಮಸಾಲೆ ಪುಡಿಯನ್ನು ಉಳಿಸಿ ಅನ್ನಕ್ಕೂ ಉದುರಿಸಿಕೊಳ್ಳುತ್ತಿದ್ದಳು. ಗೌತಮಿ ಕೂಸನ್ನು ಸೊಂಟಕ್ಕಿಟ್ಟುಕೊಂಡು ಪಾಕೀಟುಗಳ ಬೆನ್ನಿನ ಸಣ್ಣ ಅಕ್ಷರ ಓದಿದಳು, ಎಲ್ಲವನ್ನೂ ತೆಗೆದು ಹೊರಗೆ ಹಾಕಿದಳು. ಕೂಸಿನ ಬಿಸ್ಕೀಟಿನದನ್ನೂ ಎರಡೆರಡು ಸಲ ಓದಿದಳು.

ತಿಂಗಳು ಕಳೆಯಿತು. ನೋವು ಇದ್ದಲ್ಲೇ ಇತ್ತು.

'ನಿನ್ನ ಓದು ನನ್ನ ಬಾಯಿ ಕಟ್ಟೂದಕ್ಕ ಬಂತು ನೋಡು' ಎಂದಳು ಮಾನವ್ವ.

ಆ ಸಂಜೆ ಖಾನಾವಳಿಯಿಂದ ಬುಟ್ಟಿ ಬಂತು. ರೊಟ್ಟಿ ತುಂಬಿ ಹೋದ ಬುಟ್ಟಿ ಬರಿದಾಗಿ ತಿರುಗಿ ಬರಬಾರದೆಂಬುದು ಹಳೆಯ ರೂಢಿ. ಖಾನಾವಳಿಯ ಉಮೇಶ ಅದರಲ್ಲಿ ದಿನಾಲೂ ಒಂದು ಡಬ್ಬಿ ಸಾರು ಇಟ್ಟು ಕಳಿಸುತ್ತಿದ್ದ. ರಾತ್ರಿ ಮಾನವ್ವನ ರೊಟ್ಟಿಗೆ ಅದೇ ಸಾರು. ಅದು ಮರ್ಯಾದೆಗೆ ಬರುತ್ತಿದ್ದದ್ದು, ಕೊಂಡು ತಂದದ್ದಲ್ಲ. ಹಾಗಾಗಿ ತಿನ್ನಬಾರದವುಗಳ ಲೆಕ್ಕಕ್ಕೆ ಅದನ್ನು ಯಾರೂ ಹಿಡಿದಿರಲಿಲ್ಲ, ಗೌತಮಿಯೂ ಹಿಡಿದಿರಲಿಲ್ಲ. ಡಬ್ಬಿ ತೆಗೆಯುವಾಗ ಬೆರಳಿಗೆ ಹತ್ತಿದ ಸಾರನ್ನು ನೆಕ್ಕಿದಳು. ನಾಲಿಗೆಯ ಮೇಲೆ ಪಾಕೀಟಿನ ಪುಡಿಯದೇ ರುಚಿ.

ಮರುದಿನ ಖಾನಾವಳಿಗೆ ಹೋದಳು.

'ಒಂದ್ ಚಮಚಾ ಟೇಸ್ಟಿಂಗ್ ಪೌಡರ್ ಬೀಳತೈತ್ರಿ ತಂಗಿ' ಎಂದ ಉಮೇಶ. 'ಅದಿಲ್ಲಂದ್ರ ಮಂದಿ ಎರಡನೇ ಸಲ ಸಾರು ಕೇಳಂಗಿಲ್ಲ. ಮಾನವ್ವಕ್ಕಗ ಅಂತ ನಾನ ಗಟ್ಟೀದು ತಳದಾಗಿಂದ ಹಾಕಸ್ತೀನಿ.'

'ಇನ್ನ ಮ್ಯಾಲ ಕಳಸಬ್ಯಾಡ್ರಿ ಅಣ್ಣಾರ.'

'ಬುಟ್ಟಿ ಬರಿದ ಕಳಸ್ಲಿ?' ಅವನ ಮುಖ ಸಣ್ಣದಾಯಿತು. 'ಉಳ್ಳಾಗಡ್ಡಿ ಇಡ್ತೀನಿ ಬಿಡ್ರಿ.' ಎಂಬತ್ತು ರೊಟ್ಟಿ ಸಾಲದೆ ಮಶೀನ್ ರೊಟ್ಟಿ ತರಿಸುತ್ತಿರುವುದನ್ನೂ ಹೇಳಿದ. ಮಾನವ್ವನಿಗೆ ಅದು ಗೊತ್ತಿರಲಿಲ್ಲ. ಗೌತಮಿ ಮನೆಯಲ್ಲಿ ಹೇಳಲೂ ಇಲ್ಲ.

ಸಾರು ನಿಂತ ಮೇಲೆ ಮಾನವ್ವ ಒಂದು ವಾರ ಅರ್ಧ ರೊಟ್ಟಿಗೇ ಕೈ ತೊಳೆದಳು. 'ಮಣ್ಣು ತಿಂದಂಗಾಗತೈತಿ' ಅಂದಳು. ಮೂರನೆಯ ವಾರ ರಾತ್ರಿ ನರಳುವುದು ಕಮ್ಮಿಯಾಯಿತು. ಹೆಗಲಿನ ಉರಿ ಅರ್ಧಕ್ಕೆ ಇಳಿದಿದೆ ಎಂದು ತಾನಾಗಿಯೇ ಹೇಳಿದಳು. ಸಾರು ಬಿಟ್ಟಿದ್ದಕ್ಕೋ, ಗುಳಿಗೆ ಈಗ ಹತ್ತಿತೋ, ರೊಟ್ಟಿ ಕಮ್ಮಿಯಾಗಿದ್ದಕ್ಕೋ, ಗೌತಮಿಗೆ ತಿಳಿಯಲಿಲ್ಲ. ಡಾಕ್ಟರಮ್ಮನೂ ಖಚಿತವಾಗಿ ಹೇಳಲಿಲ್ಲ. 'ಪೂರಾ ಹೋಗ್ತದಂತ ಆಸೆ ಹಚ್ಚಬ್ಯಾಡ್ರಿ' ಅಂದರು.

ಮರುದಿನ ಮಾನವ್ವ ಗೋಡೆಗೆ ಬೆನ್ನು ಕೊಟ್ಟು ಕೂತಳು.

'ಕೂಸು ಕೊಡ ಇಲ್ಲೆ. ಕೆಳಗ ನಿನ್ನ ಕೈ ಇರಲಿ, ತಗೀಬ್ಯಾಡ.'

ಕೂಸು ಅಜ್ಜಿಯ ಕೈಯಲ್ಲಿ ತೊಡೆಯಿಂದ ಒಂದು ಗೇಣು ಮೇಲೆದ್ದಿತು. ಅಜ್ಜಿಯ ಮುಖ ನೋಡಿ ಬಾಯಿ ಅಗಲಿಸಿ ನಕ್ಕಿತು. ಅತ್ತೆಯ ಮೊಣಕೈ ನಡುಗುವುದು ಗೌತಮಿಯ ಅಂಗೈಗೂ ಗೊತ್ತಾಗುತ್ತಿತ್ತು.

'ಸಾಕ್ರಿ ಅತ್ತಿ.'

'ಇನ್ನೊಂಚೂರು ತಡಿ.'

ಕೂಸಿನ ಭಾರ ನಿಧಾನಕ್ಕೆ ಗೌತಮಿಯ ಕೈಮೇಲೆ ಇಳಿಯುತ್ತ ಬಂತು, ಪೂರ್ತಿ ಬಂತು. ಅವಳು ಮಗಳನ್ನು ಎದೆಗೆ ಒತ್ತಿಕೊಂಡಳು. ಮಾನವ್ವನ ಎರಡೂ ಕೈ ಅಷ್ಟೇ ಎತ್ತರದಲ್ಲಿ ಇನ್ನೂ ಚಾಚಿಕೊಂಡೇ ಇದ್ದವು.