ಭಾವನ ಹೊಟ್ಟೆ, ಉದ್ದದ ಬಿಟ್

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕಪಾಟು ಕೂರಿಸುವ ಫಿಟ್ಟರ್. ಅಡುಗೆಮನೆಗೋ ಆಫೀಸಿಗೋ ಹಲಗೆಗಳು ಬಂದು ಬಿದ್ದರೆ ಅವನ್ನು ಜೋಡಿಸಿ, ಗೋಡೆಗೆ ಬಿಗಿದು, ಬಾಗಿಲು ‘ಟಕ್’ ಎಂದು ಮುಚ್ಚುವ ಹಾಗೆ ಮಾಡುವುದು ಅವರ ಕೆಲಸ. ಆ ‘ಟಕ್’ ಕಿವಿಗೆ ಬಿದ್ದ ಮೇಲೆಯೇ ಅವರು ನೀರು ಕುಡಿಯುವುದು. ಕೈ ಬಹಳ ಒಳ್ಳೆಯದು, ಬಾಯಿ ಸುಮಾರು, ಹೊಟ್ಟೆ ಮಾತ್ರ ಯಾರ ಮಾತಿಗೂ ಸೊಪ್ಪು ಹಾಕದೆ ಬೆಳೆಯುತ್ತಿತ್ತು.

ಈ ಬೆಳವಣಿಗೆ ಲೋಕಕ್ಕೆಲ್ಲ ಕಂಡಿತ್ತು, ಭಾವ ಒಬ್ಬರನ್ನು ಬಿಟ್ಟು. ನನಗೆ ಅದರ ಲೆಕ್ಕ ಸಿಕ್ಕಿದ್ದು ನನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ. ಮೊದಲು ಅವರು ಸ್ಕ್ರೂಡ್ರೈವರಿನ ತುದಿಗೆ ಸಿಕ್ಕಿಸುವ ಉಕ್ಕಿನ ಕಡ್ಡಿ, ಅಂದರೆ ಬಿಟ್, ಕಿರುಬೆರಳುದ್ದಕ್ಕಿಂತ ದೊಡ್ಡದನ್ನು ಕೊಂಡವರೇ ಅಲ್ಲ. ಆಮೇಲೆ ಚೋಟುದ್ದದ್ದು ಕೇಳಿದರು. ಆಮೇಲೆ ಗೇಣುದ್ದದ್ದು. ಭಾವ ಬಗ್ಗಲಾರದೆ ಕೆಲಸದಿಂದ ಹಿಂದೆ ಸರಿದಷ್ಟೂ ಬಿಟ್ ಮುಂದೆ ಚಾಚಿಕೊಳ್ಳುತ್ತಿತ್ತು.

“ಇದಕ್ಕಿಂತ ಉದ್ದದ್ದು ಇಲ್ವೇನೋ?” ಎಂದು ಒಂದು ದಿನ ಬಂದರು.

“ಯಾಕೆ ಭಾವ, ಮಧ್ಯ ಏನಾದ್ರೂ ಅಡ್ಡ ಬರುತ್ತಾ?”

“ಬರುತ್ತೆ.”

“ಏನು, ಪೈಪಾ?”

ಭಾವ ತಲೆ ಎತ್ತಿ ಫ್ಯಾನು ನೋಡಿದರು. “ಏನೋ ಒಂದು ಬರುತ್ತೆ. ನೀನು ಕೊಡು, ವಿಚಾರಣೆ ಬೇಡ.”

ನನಗೆ ಸಿಟ್ಟು ಬಂದದ್ದು ಯಾಕೆಂದರೆ, ಬಿಟ್ ಆರಿಸುವುದನ್ನು ನನಗೆ ಕಲಿಸಿದವರೇ ಈ ಮಹಾನುಭಾವರು. ಮೊದಲು ಸ್ಕ್ರೂವಿನ ತಲೆಯ ಗೀರು ನೋಡು, ತುದಿ ಅದರಲ್ಲಿ ಅಲ್ಲಾಡದೆ ಕೂರಬೇಕು ಎನ್ನುತ್ತಿದ್ದರು. ಸ್ಕ್ರೂ ತಿರುಗಿಸುವ ಮಿಷನ್ನಿಗಾದರೆ ಅದರ ಹೊಡೆತಕ್ಕೆ ಕೂದಲೆಳೆಯಷ್ಟು ಬಳುಕುವಂಥದ್ದು ಬೇಕು. ಕೈಯಲ್ಲೇ ತಿರುಗಿಸುವ ಕೈಹಿಡಿಗೆ ಗಡುಸಾದದ್ದೇ ಸಾಕು, ಆದರೆ ಅದನ್ನೇ ಮಿಷನ್ನಿಗೆ ಹಾಕಿದರೆ ಮೂತಿ ಮುರಿದುಕೊಳ್ಳುತ್ತದೆ. ಉದ್ದದ ಬಿಟ್ ಬೇಕಾಗುವುದು ಕೈ ಹೋಗದ ಕಡೆಗೆ ಮಾತ್ರ. ಇಲ್ಲಿ ಕೈ ಅಲುಗಿದರೆ ಅಲ್ಲಿ ತುದಿ ಕುಣಿಯುತ್ತದೆ. ಇಷ್ಟೆಲ್ಲ ಪಾಠ ಹೇಳಿದ ಬಾಯಲ್ಲೇ ಈಗ ‘ಇನ್ನೂ ಉದ್ದದ್ದು, ಇನ್ನೂ ಉದ್ದದ್ದು’ ಎಂಬ ಒಂದೇ ರಾಗ.

ಒಮ್ಮೆ ಅವರು ಅಂಗಡಿಯಲ್ಲಿದ್ದಾಗಲೇ ಅಕ್ಕ ದಡದಡನೆ ಬಂದಳು. ಗಂಡನ ಮುಖ ನೋಡದೆ ನನ್ನನ್ನು ಹಿಡಿದುಕೊಂಡಳು.

“ಇವರಿಗೆ ಇನ್ನೊಂದು ಉದ್ದದ್ದು ಕೊಟ್ಟೆಯೋ, ನಿನ್ನ ಕೈ ಮುರೀತೀನಿ. ಸಿಂಕ್ ಕೆಳಗಿನ ಕೆಲಸ ಅಂದ್ರೆ ಏನೋ ನೆಪ ಹೇಳಿ ಬಂದವರನ್ನ ಸಾಗಹಾಕ್ತಾರೆ. ರಾತ್ರಿಯೆಲ್ಲ ಸೊಂಟ ಸೊಂಟ ಅಂತ ನರಳ್ತಾರೆ. ಸಾಕು, ಇಲ್ಲೇ ಒಂದು ಕುರ್ಚಿ ಹಾಕಿ ಕೂರಿಸ್ಕೋ.”

ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೆ ಹಟ ಬಿಡಲಿಲ್ಲ. “ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನದು ಒಪ್ಕೊಂಡಿದೀನಿ. ಬೇಸಿನ್ ಕೆಳಗಿನ ಕಪಾಟು. ಅದನ್ನ ನನ್ನ ಕೈಲಿ ಕೂರಿಸೋಕಾಗದೆ ಹೋದ್ರೆ ಕುರ್ಚಿ ಮೇಲೆ ನಾನೇ ಬಂದು ಕೂತ್ಕೋತೀನಿ. ಆಯ್ತಾ?”

ಅಕ್ಕ ಹೋದ ಮೇಲೆ ಮೆಲ್ಲಗೆ ಹೇಳಿದರು: “ಕೂತ್ರೆ ನಾನು ಮುಗಿದೆ ಕಣೋ.” ನನಗೆ ಅಯ್ಯೋ ಅನ್ನಿಸಿತು. ಜೊತೆಗೆ ನನ್ನ ಅಂಗಡಿಯೂ ಮುಗಿಯಿತು ಎಂದು ಹೆದರಿಕೆಯಾಯಿತು. ಬಾಗಿಲ ತಿರುಗಣಿ ಕೇಳಲು ಬಂದವರಿಗೆ ಇವರು ‘ಬಾಗಿಲು ಹಾಳು ಮಾಡಿದ್ದೇ ನೀವು’ ಎಂದು ಬುದ್ಧಿ ಹೇಳಿ ಬರಿಗೈಲಿ ಕಳಿಸುವ ಪೈಕಿ.

ಕ್ಲಿನಿಕ್ಕಿನ ಕೆಲಸದ ದಿನ ಫೋನು ಬಂತು, ಅಂಗಡಿಯಲ್ಲಿರುವುದರಲ್ಲೆಲ್ಲ ಉದ್ದದ್ದನ್ನು ತಕ್ಷಣ ತರಬೇಕಂತೆ. ಹೆಚ್ಚುಕಡಿಮೆ ಮೊಳದುದ್ದದ್ದೊಂದು ಯಾರೂ ಕೇಳದೆ ಬಿದ್ದಿತ್ತು. ಒಯ್ದೆ. ಕಪಾಟು ಅಗಲಕ್ಕಿಂತ ಆಳವೇ ಹೆಚ್ಚು. ಎದುರಿಗೆ ನೀರಿನ ಪೈಪು, ಸ್ಕ್ರೂ ಬಿಗಿಯಬೇಕಾದದ್ದು ಹಿಂದಿನ ಗೋಡೆಗೆ. ಭಾವ ಹೊರಗೆ ಸ್ಟೂಲಿನ ಮೇಲೆ ಕೂತು, ಮಿಷನ್ನಿಗೆ ಆ ಬಿಟ್ ಸಿಕ್ಕಿಸಿ, ಉಸಿರು ಹಿಡಿದು ಗುಂಡಿ ಒತ್ತಿದರು. ತುದಿ ಒಳಗೆ ರಂಗೋಲಿ ಬಿಡಿಸತೊಡಗಿತು. ‘ಗರ್ರ್’ ಎಂದು ಸದ್ದಾಗಿ, ಅರ್ಧ ಹೋಗಿದ್ದ ಸ್ಕ್ರೂವಿನ ತಲೆ ಸವೆದು ಬೋಳಾಯಿತು.

ಡಾಕ್ಟರಮ್ಮ ಬಗ್ಗಿ ಟಾರ್ಚು ಬಿಟ್ಟು ನೋಡಿದರು. “ಇಷ್ಟು ದೂರದಲ್ಲಿ ನಿಂತು ನಾನು ಹಲ್ಲು ಕಿತ್ರೆ, ನಾಲಿಗೇನೇ ಕೈಗೆ ಬರುತ್ತೆ,” ಎಂದರು.

ಭಾವ ಸ್ಟೂಲಿನಿಂದ ಎದ್ದರು. ಮಿಷನ್ನು ಕೆಳಗಿಟ್ಟರು. ಕೈಹಿಡಿಗೆ ಬೆರಳುದ್ದದ ಬಿಟ್ ಹಾಕಿಕೊಂಡರು. ಇಕ್ಕಳ ಜೇಬಿಗೆ ಸೇರಿಸಿ, ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು, ತಲೆ ಮುಂದು ಮಾಡಿ ಕಪಾಟಿನೊಳಗೆ ನುಗ್ಗಿದರು. ಒಳಗೆ ಬೋಳು ಸ್ಕ್ರೂ ಕಿತ್ತ ಸದ್ದು, ಹೊಸದು ತಿರುಗಿದ ಸದ್ದು, ಭಾವ ಮುಕ್ಕಿರಿದ ಸದ್ದು. ಕೊನೆಗೆ “ಕೂತ್ಕೊಂತು!” ಎಂಬ ಕೂಗು. ನಾನು ಖುಷಿಯಲ್ಲಿ ಚಪ್ಪಾಳೆಯನ್ನೇ ತಟ್ಟಿಬಿಟ್ಟೆ.

“ಹಾಗಾದ್ರೆ ಬನ್ನಿ ಭಾವ.”

“ಬರ್ತೀನಿ ಇರು.”

ಕಾಲುಗಳು ಅತ್ತ ಹೊರಳಿದವು, ಇತ್ತ ಹೊರಳಿದವು. ಹೊಟ್ಟೆ ಹೊರಳಲಿಲ್ಲ.

“ಭಾವ?”

“ಇಲ್ಲಿ ತಂಪಾಗಿದೆ ಕಣೋ. ಸ್ವಲ್ಪ ಹೊತ್ತು ಸುಧಾರಿಸ್ಕೋತೀನಿ.”

ಕಾಲು ಹಿಡಿದು ಎಳೆದೆ. ಒಂದು ಬೂಟು ಮಾತ್ರ ಕೈಗೆ ಬಂತು. ಡಾಕ್ಟರಮ್ಮ ಅಭ್ಯಾಸಬಲದಿಂದ “ನೋವಾಗ್ತಿದೆಯಾ? ಆದ್ರೆ ಕೈ ಎತ್ತಿ,” ಎಂದರು. ಕೈ ಎತ್ತುವುದಕ್ಕೆ ಅಲ್ಲಿ ಜಾಗವೆಲ್ಲಿತ್ತು? ಬೇರೆ ದಾರಿ ಕಾಣದೆ ಅಕ್ಕನಿಗೆ ಫೋನು ಮಾಡಿದೆ.

ಅಕ್ಕ ಬಂದವಳೇ ಮೊದಲು ಆ ಕಾಲುಗಳಿಗೆ ಚೆನ್ನಾಗಿ ಬೈದಳು. ಆಮೇಲೆ ಪಕ್ಕದ ಹಲಗೆ ತಟ್ಟಿ ನೋಡಿದಳು. “ಇದನ್ನ ಬಿಚ್ಚಿದ್ರೆ ಮೇಲಿನದು ಬೀಳುತ್ತೇನ್ರೀ?”

“ಬೀಳಲ್ಲ. ಕೆಳಗಿಂದ ಶುರು ಮಾಡು,” ಎಂದಿತು ಕಪಾಟು.

ನಾನು ಪೆದ್ದನ ಹಾಗೆ ಮೊಳದುದ್ದದ ಬಿಟ್ ಹಾಕಿದ್ದ ಮಿಷನ್ನನ್ನೇ ಚಾಚಿದೆ. ಅಕ್ಕ ನನ್ನನ್ನು ಸುಡುವ ಹಾಗೆ ನೋಡಿ, ಅದನ್ನು ಕಿತ್ತು, ಭಾವನ ಬಿಟ್ ಡಬ್ಬಿಯಿಂದ ಚಿಕ್ಕದೊಂದನ್ನು ತೆಗೆದು ಹಾಕಿಕೊಂಡಳು. ಮಂಡಿಯೂರಿ ಕೂತು ಒಂದೊಂದಾಗಿ ಬಿಚ್ಚಿದಳು. ಒಂದು ಸ್ಕ್ರೂವಿನ ತಲೆಗೂ ಗಾಯವಾಗಲಿಲ್ಲ. ಹಲಗೆ ಸರಿದ ಕೂಡಲೇ ಭಾವ ಪಕ್ಕಕ್ಕೆ ಉರುಳಿ ಹೊರಬಂದರು, ಮೈಯೆಲ್ಲ ಮರದ ಪುಡಿ.

“ಉಸಿರು ಕಟ್ಟಿದ್ರೆ ಏನ್ರೀ ಗತಿ?” ಎನ್ನುತ್ತ ಅಕ್ಕ ಅವರ ಬೆನ್ನ ಮೇಲಿನ ಪುಡಿ ಕೊಡವಿದಳು.

ಭಾವ ನೆಲ ನೋಡುತ್ತ ಹೇಳಿದರು: “ನಾಳೆಯಿಂದ ಅಂಗಡೀಲೇ ಕೂತ್ಕೋತೀನಿ ಬಿಡು.” ಇಂಥ ಮನುಷ್ಯನ ಬಾಯಲ್ಲಿ ಆ ಮಾತು ಬಂದದ್ದಕ್ಕೆ ನನಗೆ ನಿಜವಾಗಿ ಸಂಕಟವಾಯಿತು.

ಅಕ್ಕ ಕಪಾಟಿನ ಕಡೆ ತಿರುಗಿದಳು. ಟಾರ್ಚು ಇಸಿದುಕೊಂಡು ಸರ್ರನೆ ಒಳಗೆ ತೂರಿಕೊಂಡಳು. ಸ್ವಲ್ಪ ಹೊತ್ತಿಗೆ ಒಳಗಿಂದ ದನಿ ಬಂತು.

“ಹಾಕಿದ್ದು ಗಟ್ಟಿಯಾಗಿದೆ. ಆ ಮೂಲೆಯದು ಹಾಕೇ ಇಲ್ವಲ್ರೀ?”

“ಆ ಕಡೆ ತಿರುಗೋಕಾಗ್ಲಿಲ್ಲ ಕಣೆ.”

“ನನಗಾಗುತ್ತೆ. ಇನ್ಮೇಲೆ ಒಳಗಿನದು ನನಗಿರಲಿ, ಹೊರಗಿನದು ನಿಮಗೆ. ಅಂಗಡಿಗೆ ಯಾರೂ ಹೋಗೋದು ಬೇಡ.”

“ನಿನಗೆಲ್ಲಿ ಬರುತ್ತೆ ಈ ಕೆಲಸ?”

“ನಮ್ಮನೆ ಬಾಗಿಲುಗಳನ್ನ ಇಷ್ಟು ವರ್ಷ ಯಾರು ಬಿಗಿ ಮಾಡಿದ್ದು ಅಂದ್ಕೊಂಡಿದೀರಿ? ಬೇಗ ಸ್ಕ್ರೂ, ಬಿಟ್ ಕೊಡಿ, ಮಂಡಿ ನೋಯುತ್ತೆ.”

ಕಪಾಟಿನಿಂದ ಅಕ್ಕನ ಅಂಗೈ ಹೊರಗೆ ಬಂತು. ಭಾವ ನೆಲದ ಮೇಲೆ ಕಾಲು ಚಾಚಿ ಕೂತು, ಡಬ್ಬಿ ಕೆದಕಿ, ಒಂದು ಬಿಟ್ಟಿನ ತುದಿಯನ್ನು ಸ್ಕ್ರೂವಿಗೆ ಹಚ್ಚಿ ನೋಡಿ, ಎರಡನ್ನೂ ಅವಳ ಕೈಗಿಟ್ಟರು.

“ಇದಲ್ಲ, ಇನ್ನೂ ಚಿಕ್ಕದು ಕೊಡಿ,” ಎಂದಳು ಅಕ್ಕ.

ಭಾವ ಇನ್ನೂ ಚಿಕ್ಕದನ್ನು ಹುಡುಕತೊಡಗಿದರು.