ಅಂಗಾಲಿನ ಬೊಟ್ಟು

ಬೆಳಿಗ್ಗೆ ನನ್ನ ಹೆಂಡತಿ ಒದ್ದೆ ಅರಿವೆ ಹಿಡಿದು ಕಂಪ್ಯೂಟರಿನ ಕಡೆ ಬಂದಳು. ನಾಗರಪಂಚಮಿ ಹತ್ತಿರ ಬಂತೆಂದರೆ ಆಕೆಗೆ ಮನೆಯಲ್ಲಿ ಕಂಡದ್ದೆಲ್ಲ ಹೊಲಸು; ನಾನು ಒಂದೇ ಕಡೆ ಸುಮ್ಮನೆ ಕೂತಿದ್ದರೆ ನನ್ನನ್ನೂ ಒರೆಸಿ ಹೋದಾಳು. ಪರದೆ ಆರಿತ್ತು. ಕಿಟಕಿಯ ಬೆಳಕು ಅಡ್ಡ ಬಿದ್ದು ಅದರ ಬಲಮೂಲೆಯಲ್ಲಿ ಒಂದು ಬೆರಳಿನ ಗುರುತು ಕಂಡಿತು. ಉಂಡಿಯ ಬೆಲ್ಲ ಅಂಟಿ ಒಣಗಿದ ಗುರುತು. "ಅದನ್ನ ಮುಟ್ಟಬ್ಯಾಡ" ಅಂದೆ. ಅಂದದ್ದು ಸ್ವಲ್ಪ ಜೋರಾಯಿತೆಂದು ಕಾಣುತ್ತದೆ. ಆಕೆ ಗುರುತನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ನೀಲಕ್ಕಂದೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ನೀಲಕ್ಕ ನನ್ನ ಅಕ್ಕ. ಕಲಘಟಗಿ ಕಡೆಯ ತಂಬೂರೆಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟಿತ್ತು. ಪ್ರತಿ ಪಂಚಮಿಗೂ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ನವಲಗುಂದದ ಈ ತವರಿಗೆ ಬರುತ್ತಿದ್ದಳು. ಹೋದ ಚಳಿಗಾಲದಲ್ಲಿ ಎದೆನೋವೆಂದು ಗೋಡೆಗೆ ಆತು ಕೂತವಳು ಮತ್ತೆ ಏಳಲಿಲ್ಲ. ಆಕೆ ಬಾರದ ಮೊದಲ ಪಂಚಮಿ ಇದು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನಿಧಾನವಾಗಿ ಹೇಳಬಹುದು. ರಿಟೈರಾದ ಡ್ರಾಯಿಂಗ್ ಮಾಸ್ತರನಿಗೆ ಎಂಥ ಅವಸರ, ನೀವೇ ಹೇಳಿ.

ನಾನು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಲು ಕಲಿತದ್ದು ತಲೆ ಅರ್ಧ ನೆರೆತ ಮೇಲೆ. ಶಾಲೆಗೆ ಕಂಪ್ಯೂಟರು ಬಂತು, ಅದರ ಜೊತೆ ಚಿತ್ರ ಬಿಡಿಸಲು ಅದಕ್ಕೆ ಜೋಡಿಸುವ ಪಾಟಿಯಂಥ ಒಂದು ಕರಿ ಹಲಗೆ ಮತ್ತು ಪ್ಲಾಸ್ಟಿಕ್ ಪೆನ್ನು ಬಂದವು. ವಿಜ್ಞಾನದವರು ಮುಟ್ಟಲಿಲ್ಲ, ಗಣಿತದವರು ಮುಟ್ಟಲಿಲ್ಲ. "ಚಿತ್ರದ್ದಂದ್ರ ನಿಮ್ದ ಅಲ್ಲೇನ್ರಿ ಮಾಸ್ತರ" ಎಂದು ಹೆಡ್‌ಮಾಸ್ತರರು ನನ್ನ ಕೊರಳಿಗೆ ಕಟ್ಟಿದರು. ಪೆನ್ನು ಎಳೆಯುವುದು ಇಲ್ಲಿ ಹಲಗೆಯ ಮೇಲೆ, ಗೆರೆ ಮೂಡುವುದು ಅಲ್ಲಿ ಪರದೆಯ ಮೇಲೆ. ಕೈ ನೋಡಿದರೆ ಗೆರೆ ತಪ್ಪುತ್ತದೆ, ಗೆರೆ ನೋಡಿದರೆ ಕೈ ತಪ್ಪುತ್ತದೆ. ಇಡೀ ತಾಲೂಕಿನ ಗೋಡೆಗಳ ಮೇಲೆ ಗಾಂಧೀಜಿಯನ್ನು ಕಣ್ಣು ಮುಚ್ಚಿ ಬಿಡಿಸುತ್ತಿದ್ದ ನಾನು ಒಂದು ಮಾವಿನಕಾಯಿಗೆ ವಾರಗಟ್ಟಲೆ ಒದ್ದಾಡಿದೆ. ಕೊನೆಗೆ ಮೂಡಿದ್ದನ್ನು ಹೆಂಡತಿಗೆ ತೋರಿಸಿದಾಗ "ಬದನಿಕಾಯಿ ಭಾಳ ಚಂದ ಬಂದೈತ್ರಿ" ಅಂದಳು. ಆ ಸಿಟ್ಟಿಗೇ ಒಂದು ಹಳೆ ಕಂಪ್ಯೂಟರನ್ನು ಮನೆಗೂ ತಂದೆ.

ಕಲಿಸುವವರು ಯಾರೂ ಇರಲಿಲ್ಲ. ವಿಡಿಯೋಗಳಲ್ಲಿ ಯಾರೋ ಹುಡುಗ ಹಿಂದಿಯಲ್ಲಿ ಬಡಬಡಿಸುತ್ತ ಒಂದು ಗಳಿಗೆಯಲ್ಲಿ ಹುಲಿ ಬಿಡಿಸಿ ಮುಗಿಸುತ್ತಿದ್ದ. ನಾನು ಅವನನ್ನು ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ನಿಲ್ಲಿಸಿ ಕಲಿಯುತ್ತಿದ್ದೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅದರ ಪದರುಗಳು. ಲೇಯರ್ ಅನ್ನುತ್ತಾರೆ. ನಮ್ಮ ಕಡೆ ಕೌದಿ ಹೊಲಿಯುವಾಗ ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸುತ್ತಾರಲ್ಲ, ಹಾಗೆ. ಮೈ ಒಂದು ಪದರು, ಅದರ ಮೇಲೆ ಅಂಗಿ ಒಂದು ಪದರು, ಕೂದಲು ಇನ್ನೊಂದು. ಕೌದಿಯಂತೆ ಹೊಲಿಗೆ ಇಲ್ಲ, ಯಾವುದನ್ನು ಬೇಕಾದರೂ ಎತ್ತಬಹುದು. ಪ್ರತಿ ಪದರಿನ ಬಾಜು ಒಂದು ಪುಟ್ಟ ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿದರೆ ಆ ಪದರು ಕಾಣುವುದಿಲ್ಲ. ಹೋಗಿರುವುದಿಲ್ಲ, ಕಾಣುವುದಿಲ್ಲ ಅಷ್ಟೆ. ಮತ್ತೆ ಒತ್ತಿದರೆ ಇದ್ದಲ್ಲೇ ಇರುತ್ತದೆ.

ಆ ವರ್ಷದ ಪಂಚಮಿಗೆ ಬಂದ ನೀಲಕ್ಕ ಕೈಯಲ್ಲಿ ಶೇಂಗಾದುಂಡಿ ಹಿಡಿದು ನನ್ನ ಬೆನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿದಳು. ನಾನು ತಪ್ಪು ಗೆರೆ ಎಳೆಯುವುದು, ಗುಂಡಿ ಒತ್ತಿದೊಡನೆ ಅದು ಅಳಿದು ಹೋಗುವುದು ಆಕೆಗೆ ವಿಚಿತ್ರ ಅನ್ನಿಸಿತು.

"ಹಿಂದಕ್ಕ ಹೊಕ್ಕೈತೇನೋ ಇದು?"

"ಹೂಂ ಅಕ್ಕಾ."

"ಎಲ್ಲೀತನಾ ಹೊಕ್ಕೈತಿ?"

"ಇವತ್ತು ಬರದಿದ್ದಷ್ಟ. ಒಮ್ಮೆ ಮುಚ್ಚಿ ತಗದ್ರ ಮುಗೀತು, ಹಿಂದಿಂದು ಸಿಗಂಗಿಲ್ಲ."

ಆಕೆ ಉಂಡಿ ತಿನ್ನುವುದನ್ನು ನಿಲ್ಲಿಸಿದಳು. ಆಮೇಲೆ, "ಲೇ ತಮ್ಮಾ, ಫೋಟೋ ಇಲ್ಲದವ್ರಿಂದೂ ತಗೀತೀಯೇನು ಇದರಾಗ?" ಎಂದು ಕೇಳಿದಳು. ಯಾರನ್ನು ಕುರಿತು ಕೇಳುತ್ತಿದ್ದಾಳೆಂದು ನನಗೆ ಕೂಡಲೇ ಗೊತ್ತಾಯಿತು.

ನೀಲಕ್ಕನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಅವರಿಗಿಂತ ಮೊದಲು ಒಂದು ಹೆಣ್ಣು ಹುಟ್ಟಿತ್ತು. ನಮ್ಮವ್ವನ ಹೆಸರನ್ನೇ ಇಟ್ಟಿದ್ದರು, ಗಿರಿಜಾ. ಅಕ್ಕನ ಅತ್ತೆಯ ಮನೆಯಲ್ಲಿ ಒಂದು ಪದ್ಧತಿ: ಜವಳ ತೆಗೆಸುವವರೆಗೆ, ಅಂದರೆ ಹುಟ್ಟುಗೂದಲು ತೆಗೆಸುವವರೆಗೆ ಕೂಸಿನ ಫೋಟೋ ತೆಗೆಯಬಾರದು. ದೃಷ್ಟಿ ಆಗುತ್ತದೆ, ಆಯುಷ್ಯ ಕಡಿಮೆಯಾಗುತ್ತದೆ ಎಂದು. ತೊಟ್ಟಿಲ ಕಾರ್ಯಕ್ಕೆ ನಾನು ಸ್ನೇಹಿತನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಶಿಸ್ತಾಗಿ ಹೋಗಿದ್ದೆ. ಆ ಅತ್ತೆ "ಹೊಲದಾಗ ಎತ್ತು ಅದಾವು, ಅವನ್ನ ತಗಿ ಹೋಗಪಾ" ಎಂದು ಓಡಿಸಿದ್ದಳು. ಎತ್ತಿನ ಫೋಟೋ ಈಗಲೂ ನನ್ನ ಹತ್ತಿರ ಇದೆ, ಎತ್ತುಗಳು ಬಹಳ ಚೆನ್ನಾಗಿ ಬಂದಿವೆ. ಗಿರಿಜಾಳ ಜವಳಕ್ಕೆ ದಿನ ನೋಡಿದ್ದರು. ಅಷ್ಟರಲ್ಲಿ ಮಳೆಗಾಲದ ಥಂಡಿ ಆ ಕೂಸಿನ ಎದೆಗಿಳಿಯಿತು. ಹುಬ್ಬಳ್ಳಿಯ ದವಾಖಾನೆ ಮುಟ್ಟುವ ಮೊದಲೇ ಎಲ್ಲಾ ಮುಗಿದಿತ್ತು.

ಹಾಗಾಗಿ ಗಿರಿಜಾಳ ಒಂದು ಫೋಟೋವೂ ಇರಲಿಲ್ಲ. ನಾನು ಆಕೆಯನ್ನು ಅಕ್ಕನ ಬಾಯಿಂದ ಕೇಳಿ ಬಿಡಿಸಬೇಕಾಯಿತು. ಕಂಪ್ಯೂಟರಿನಲ್ಲಿದ್ದ ಮೈಬಣ್ಣ ಹಚ್ಚಿದರೆ ಕೂಸು ಯಾವುದೋ ಪೌಡರಿನ ಡಬ್ಬಿಯ ಮೇಲಿನ ಕೂಸಾಯಿತು. "ಇದ್ಯಾರ ಮನಿ ಕೂಸೋ?" ಎಂದು ನಕ್ಕಳು ಅಕ್ಕ. ಆಮೇಲೆ ಸೆರಗು ಸರಿಸಿ ತನ್ನ ಮುಂಗೈಯ ಒಳಭಾಗವನ್ನು ಪರದೆಗೆ ಹಚ್ಚಿ ಹಿಡಿದಳು. "ಇದಕ್ಕಿಂತ ಒಂಚೂರು ಕಪ್ಪು. ನಿಮ್ಮ ಮಾಮಾಗಿಂತ ಬೆಳ್ಳಗ." ಮಾಮಾ ಅಂದರೆ ಅಕ್ಕನ ಗಂಡ. ನಾನು ಬಣ್ಣ ಕಲಸಿದೆ, ಆಕೆ ಕೈ ಹಿಡಿದೇ ಇದ್ದಳು. ಬಣ್ಣ ಕೂಡಿದಾಗ ಇಬ್ಬರಿಗೂ ಒಮ್ಮೆಲೇ ಗೊತ್ತಾಯಿತು. ಅಕ್ಕ ಕೈ ಕೆಳಗಿಳಿಸಿ, ಸೆರಗಿನಿಂದ ಮುಖ ಮುಚ್ಚಿಕೊಂಡು, ಅಗದಿ ಸಣ್ಣ ಹುಡುಗಿಯ ಹಾಗೆ ಅತ್ತಳು. ನನಗೆ ಸಮಾಧಾನ ಮಾಡಲು ಬರುವುದಿಲ್ಲ. ಕೂಸಿನ ಕಿವಿಗೆ ನೆರಳು ಹಚ್ಚುತ್ತ ಕೂತೆ.

ಬೊಟ್ಟಿನ ವಿಷಯ ಆಗ ಬಂತು. ಕೂಸೆಂದ ಮೇಲೆ ದೃಷ್ಟಿ ಬೊಟ್ಟು ಇರಬೇಕಲ್ಲವೇ, ನಾನು ಗಲ್ಲದ ಮೇಲೆ ಒಂದು ಕರಿ ಚುಕ್ಕೆ ಇಟ್ಟೆ. ಅಕ್ಕ ತಲೆಯಾಡಿಸಿದಳು. "ಗಲ್ಲಕ್ಕಲ್ಲ, ಅಂಗಾಲಿಗೆ. ಎಡಗಾಲು." ಕೂಸು ಮಲಗಿದ ಚಿತ್ರ, ಕಾಲು ಈಚೆಗಿತ್ತು. ಎಡ ಅಂಗಾಲಿಗೆ ಕಾಡಿಗೆ ಬಣ್ಣದ ಬೊಟ್ಟು ಇಟ್ಟೆ. ಆಕೆ ಪರದೆಯ ಹತ್ತಿರ ಬಗ್ಗಿ ನೋಡಿ "ಹಾಂ" ಅಂದಳು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮರುದಿನ ತಂಬೂರಿಗೆ ಹೊರಡುವ ಮುಂಚೆ ಮತ್ತೆ ಬಂದು ನಿಂತಳು. "ಈಕಿ ಇನ್ನೂ ಇಷ್ಟ ಇರ್ತಿದ್ಲೇನೋ? ಆರನೇ ಕ್ಲಾಸಿಗೆ ಹೋಗ್ತಿದ್ಲು." ನಾನು ಹೊಸ ಪುಟ ತೆರೆದೆ. ಆಮೇಲೆ ಶಾಲೆಯಲ್ಲಿ ನನ್ನ ಮುಂದೆ ದಿನವೂ ಕೂಡುವ ಹುಡುಗಿಯರನ್ನು ನೆನೆದು, ಅವ್ವನ ಮೂಗು, ಅಕ್ಕನ ಹುಬ್ಬು, ಮಾಮಾನ ಕಿವಿ ಕೂಡಿಸಿ, ನೀಲಿ ಲಂಗ ಬಿಳಿ ಅಂಗಿಯ, ಎರಡು ಜಡೆಗೆ ರಿಬ್ಬನ್ ಕಟ್ಟಿದ ಗಿರಿಜಾಳನ್ನು ನಿಲ್ಲಿಸಿದೆ. ಅಕ್ಕ ಮೇಲಿಂದ ಕೆಳಗೆ ನೋಡಿ, "ಬೊಟ್ಟು?" ಅಂದಳು.

"ನಿಂತ ಹುಡುಗಿ ಅಂಗಾಲು ಹೆಂಗ ಕಾಣಬೇಕಕ್ಕಾ?"

"ಕಾಣ್ಲಿ ಅಂತ ಯಾರ ಹಚ್ತಾರ?"

ಕೂಸಿನ ಚಿತ್ರದಿಂದ ಆ ಅಂಗಾಲನ್ನು ಬೊಟ್ಟಿನ ಸಮೇತ ತಂದು ಎಲ್ಲಕ್ಕಿಂತ ಕೆಳಗಿನ ಪದರಿನಲ್ಲಿ ಇಟ್ಟೆ. ಅದರ ಮೇಲೆ ಹುಡುಗಿಯ ಕಾಲು, ಕಾಲಿನ ಮೇಲೆ ಚಪ್ಪಲಿ, ಲಂಗ. ಮೇಲಿನ ಪದರುಗಳ ಕಣ್ಣು ಮುಚ್ಚಿ ತೋರಿಸಿದೆ. ಬಿಳಿ ಪರದೆಯ ಮೇಲೆ ಒಂದು ಪುಟ್ಟ ಅಂಗಾಲು ಉಳಿಯಿತು. "ಸಾಕು, ಮುಚ್ಚು" ಅಂದಳು. ಆಗ ಆಕೆಯ ಮುಖ ತಿಳಿಯಾಯಿತು.

ಆಮೇಲೆ ಪ್ರತಿ ಪಂಚಮಿಗೂ ಗಿರಿಜಾ ಒಂದು ವರ್ಷ ಬೆಳೆದಳು. ಒಮ್ಮೆ ಜಡೆ ಉದ್ದ ಮಾಡಿಸಿದಳು, ಒಮ್ಮೆ ಮೊಡವೆ ಹಾಕಿಸಿದಳು, ಇನ್ನೊಮ್ಮೆ "ಈ ವರ್ಷ ಓದಿ ಓದಿ ಸೊರಗ್ಯಾಳ" ಎಂದು ಗಲ್ಲ ಇಳಿಸಿದಳು. ಬಣ್ಣ ಬೆರೆಸುವುದು, ನೆರಳು ತೆಳುವಾಗಿಸುವುದು, ತುಟಿಯ ಅಂಚನ್ನು ಮೆತ್ತಗೆ ಮಾಡುವುದು, ನಾನು ಕಲಿತ ವಿದ್ಯೆ ಅಷ್ಟನ್ನೂ ಕಲಿತದ್ದು ಈ ಒಬ್ಬ ಹುಡುಗಿಯ ಮುಖದ ಮೇಲೆ. ಕೆಳಗಿನ ಅಂಗಾಲೊಂದು ಮಾತ್ರ ಕೂಸಿನದಾಗಿಯೇ ಉಳಿಯಿತು. ಅದನ್ನು ದೊಡ್ಡದು ಮಾಡು ಎಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ಪ್ರಿಂಟ್ ತೆಗೆದುಕೊಡಲೇ ಎಂದು ಒಂದು ಸಲ ಕೇಳಿದ್ದುಂಟು. ಅಕ್ಕ ಹೌಹಾರಿದಳು. "ಬ್ಯಾಡೋ ಯಪ್ಪಾ! ಗ್ವಾಡಿಗೆ ಹಾಕಿದ್ರ ಮಾಲಿ ಹಾಕಬೇಕಾಗ್ತೈತಿ." ಇನ್ನೊಂದು ಮಾತನ್ನೂ ತಗ್ಗಿದ ದನಿಯಲ್ಲಿ ಸೇರಿಸಿದಳು: "ನಿಮ್ಮ ಮಾಮಾಗ ಹೇಳಬ್ಯಾಡ. ಅವರು ಮರತಾರ. ಮರತವ್ರಿಗೆ ಯಾಕ ಮತ್ತ ಸಂಕಟ?" ನಾನು ಹೇಳಲಿಲ್ಲ.

ಹೋದ ಪಂಚಮಿಯಂದು ಗಿರಿಜಾ ಚೂಡಿದಾರದಲ್ಲಿದ್ದಳು. ಅಕ್ಕ ಉಂಡಿ ತಿಂದ ಬೆರಳನ್ನು ಪರದೆಗೆ ಹಚ್ಚಿ, ಆಕೆಯ ಭುಜ ತೋರಿಸಿ, "ಬರೂ ವರ್ಷ ಸೀರಿ ಉಡಸೂಣು. ನನ್ನ ಮದ್ವಿ ಹಸಿರ ಸೀರಿ ಬಣ್ಣ ನೆನಪೈತಿಲ್ಲೋ?" ಎಂದಳು. ನೆನಪಿದೆ, ಉಡಿಸುತ್ತೇನೆ ಅಂದೆ. ಅದೇ ಈ ಗುರುತು.

ಹೆಂಡತಿ ಅರಿವೆ ತೆಗೆದುಕೊಂಡು ಹೋದ ಮೇಲೆ ನಾನು ಕಂಪ್ಯೂಟರು ಹಚ್ಚಿದೆ. ಅಕ್ಕನಿಲ್ಲದೆ ಆ ಹುಡುಗಿಯನ್ನು ಬೆಳೆಸುವ ಅಧಿಕಾರ ನನಗಿದೆಯೇ ಎಂದು ಅನುಮಾನಿಸಿದೆ. ಆದರೆ ಉಡಿಸುತ್ತೇನೆಂದು ಮಾತು ಕೊಟ್ಟಿದ್ದೆ. ಹಸಿರು ಸೀರೆ ಉಡಿಸಿದೆ, ಅಂಚು ಬಿಡಿಸಿದೆ, ನೆರಿಗೆಗೆ ನೆರಳು ಹಚ್ಚಿದೆ. ಸೆರಗು ಮುಗಿದು ಹಿಂದೆ ಸರಿದು ನೋಡಿದರೆ ಎದುರಿಗೆ ನಿಂತವಳು ಸಾಕ್ಷಾತ್ ನೀಲಕ್ಕ, ಮದುವೆಯ ದಿನದ ನೀಲಕ್ಕ. ನಾನು ಪೆನ್ನು ಕೆಳಗಿಟ್ಟೆ. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ, ಕೋಣೆಯಲ್ಲಿ ಯಾರೂ ಇರಲಿಲ್ಲ.

ಇಲ್ಲ ಎಂದುಕೊಂಡಿದ್ದೆ. ಬಾಗಿಲಲ್ಲಿ ಮಾಮಾ ನಿಂತಿದ್ದರು. ಈ ವರ್ಷ ಅವರ ಮನೆಯಲ್ಲಿ ಹಬ್ಬವಿಲ್ಲ. ಅಕ್ಕನ ಫೋಟೋ ಗೋಡೆಗೆ ಹಾಕಬೇಕು, ಗುರುತಿನ ಚೀಟಿಯದನ್ನು ದೊಡ್ಡದು ಮಾಡಿಸಿದರೆ ಹೆದರಿದವರ ಹಾಗೆ ಕಾಣುತ್ತಾಳೆ, ನೀ ಒಂಚೂರು ಸರಿ ಮಾಡಿಕೊಡು ಎಂದು ಕೇಳಲು ಬಂದಿದ್ದರು. ಹೇಳುತ್ತಲೇ ಅವರ ಕಣ್ಣು ಪರದೆಯ ಮೇಲೆ ಬಿತ್ತು.

"ಇದು ನಿಮ್ಮಕ್ಕನ ಮದ್ವಿ ಹೊತ್ತಿಂದಲ್ಲೇನು? ಎಲ್ಲಿತ್ತಪಾ ಇದು?" ಹತ್ತಿರ ಬಂದರು. "ಇದ ಇರ್ಲಿ ಮಾಸ್ತರ. ಇದನ್ನ ಪ್ರಿಂಟ್ ತಗದು ಕೊಡು, ಕಟ್ಟ ಹಾಕಿಸಿ, ಒಂದು ಗಂಧದ ಮಾಲಿ ತಂದು ಹಾಕ್ತೀನಿ."

ಸುಮ್ಮನೆ ಕೊಟ್ಟುಬಿಡಬಹುದಿತ್ತು. ಅವರಿಗೆ ತಿಳಿಯುತ್ತಿರಲಿಲ್ಲ, ಸಂತೋಷವಾಗಿ ಹೋಗುತ್ತಿದ್ದರು. ಆದರೆ ಮಾಲೆ ಎಂಬ ಮಾತು ಕೇಳಿದೊಡನೆ ಪರದೆಗೆ ಕೈ ಅಡ್ಡ ಹಿಡಿದೆ. ಇಷ್ಟು ವರ್ಷ ಅಕ್ಕ ಯಾವುದನ್ನು ತಡೆದು ನಿಲ್ಲಿಸಿದ್ದಳೋ ಅದನ್ನೇ ನಾನು ನನ್ನ ಕೈಯಾರೆ ಮಾಡಿದಂತಾಗುತ್ತಿತ್ತು.

"ಇದು ಅಕ್ಕ ಅಲ್ರಿ ಮಾಮಾ. ಗಿರಿಜಾ."

ಅವರು ಯಾವ ಗಿರಿಜಾ ಎಂದು ಕೇಳಲಿಲ್ಲ. ಬಾಜು ಇದ್ದ ಕುರ್ಚಿಯಲ್ಲಿ ಕೂತರು, ಅದು ಅಕ್ಕ ಕೂಡುತ್ತಿದ್ದ ಕುರ್ಚಿ. ಆರನೇ ಕ್ಲಾಸಿನಿಂದ ಹಿಡಿದು ಈ ಸೀರೆಯವರೆಗೆ ಅಕ್ಕ ಆಕೆಯನ್ನು ಬೆಳೆಸಿದ್ದನ್ನು ನಾನು ಹೇಳಿದೆ.

"ನನಗ ಯಾಕ ಹೇಳಿಲ್ಲ ಆಕಿ?"

"ನೀವು ಮರತೀರಿ ಅಂತಿದ್ಲ್ರಿ. ಮತ್ತ್ಯಾಕ ಸಂಕಟ ಅಂತ."

ಮಾಮಾ ಹೆಗಲ ಮೇಲಿನ ಟವೆಲ್ಲನ್ನು ತೊಡೆಯ ಮೇಲೆ ಹಾಕಿಕೊಂಡು ಮಡಿಚಿದರು, ಬಿಚ್ಚಿದರು. "ಆಕಿ ಮರತಾಳ ಅಂತ ನಾ ತಿಳಕೊಂಡಿದ್ದೆ. ಅದಕ್ಕ ಕೂಸಿನ ಹೆಸರ ಎತ್ತಲಿಲ್ಲ ಒಂದಿನಾನೂ." ಹೊರಗೆ ಓಣಿಯ ಹುಡುಗಿಯರು ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತ ಹಗ್ಗಕ್ಕಾಗಿ ಜಗಳಾಡುತ್ತಿದ್ದರು.

"ಅಂಗಾಲಿಗೆ ಬೊಟ್ಟು ಹಚ್ಚೀಯೇನಪಾ?" ಎಂದು ಕೇಳಿದರು ಮಾಮಾ.

ನಾನು ಅವರ ಮುಖ ನೋಡಿದೆ.

"ನಾ ಕಾಲ ಹಿಡೀತಿದ್ದೆ, ಆಕಿ ಹಚ್ತಿದ್ಲು. ಭಾಳ ಒದೀತಿತ್ತು ಕೂಸು."

ನಾನು ಪದರುಗಳ ಕಣ್ಣು ಒಂದೊಂದಾಗಿ ಮುಚ್ಚಿದೆ. ಹಸಿರು ಸೀರೆ ಹೋಯಿತು, ಬಳೆ ಹೋದವು, ಜಡೆ ಹೋಯಿತು, ಅವ್ವನ ಮೂಗು, ಅಕ್ಕನ ಹುಬ್ಬು, ಎಲ್ಲಾ ಹೋದವು. ಕೊನೆಗೆ ಬಿಳಿ ಪರದೆಯ ಮೇಲೆ ಆ ಪುಟ್ಟ ಅಂಗಾಲು, ಅದರ ನಡುವೆ ಕಾಡಿಗೆಯ ಬೊಟ್ಟು. ಮಾಮಾ ಕೈ ಚಾಚಿ, ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಅದನ್ನು ಹಿಡಿಯುವಂತೆ ಪರದೆಗೆ ಹಚ್ಚಿದರು. ಹಾಗೆಯೇ ಹಿಡಿದುಕೊಂಡಿದ್ದರು.

"ಮುಚ್ಚಪಾ" ಅಂದರು ಆಮೇಲೆ, "ಥಂಡಿ ಹತ್ತೀತು."

ನಾನು ಮುಚ್ಚಿದೆ. ಮೊದಲು ಕಾಲು, ಕಾಲಿಗೆ ಚಪ್ಪಲಿ, ಆಮೇಲೆ ಸೀರೆ.